ಹೆಸರಿನಲ್ಲಿ ಹಾನಗಲ್ಲ, ಕೊರಳಿನಲ್ಲಿ ಕಿರಾನಾ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವುದಾದರೂ ಶಾಲೆಗೆ ಹೋಗಿ, ‘ಗಂಗೂಬಾಯಿ ಹಾನಗಲ್ಲ ಅವರು ಹುಟ್ಟಿದ ಊರು ಯಾವುದು?’ ಎಂದು ಕೇಳಿ ನೋಡಿ. ಹಿಂದಿನ ಬೆಂಚಿನ ಹುಡುಗನೂ ಥಟ್ಟನೆ ಕೈ ಎತ್ತಿ, ‘ಹಾನಗಲ್ಲರೀ ಸರ್’ ಎಂದಾನು. ಪ್ರಶ್ನೆಯಲ್ಲೇ ಉತ್ತರ ಇದ್ದಂತೆ ಕಾಣುತ್ತದೆ. ಆದರೆ ಉತ್ತರ ತಪ್ಪು.

ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, 1913ರ ಮಾರ್ಚ್ 5ರಂದು. ಬೆಳೆದದ್ದು ಅಲ್ಲಿಯೇ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲ ಅವರ ತಾಯಿಯ ಕಡೆಯ ಹಿರಿಯರ ಊರು. ಊರು ಬಿಟ್ಟು ಬಂದವರು ಊರಿನ ಹೆಸರನ್ನು ಜೊತೆಗೆ ತಂದುಕೊಳ್ಳುವುದು ಈ ಸೀಮೆಯ ರೂಢಿ. ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರಾದರು, ಕುಂದಗೋಳದ ರಾಮಭಾವು ಕುಂದಗೋಳಕರರಾದರು. ಹಾಗೆಯೇ ಅನೆಕೆರೆ, ತಾರಕೇಶ್ವರ ಗುಡಿಗಳ ಆ ಹಳೆಯ ಊರು ಒಬ್ಬ ಹುಡುಗಿಯ ಹೆಸರಿಗೆ ಅಂಟಿಕೊಂಡು ಕಲ್ಕತ್ತೆಯವರೆಗೂ ಹೋಯಿತು.

ಪದ್ಮವಿಭೂಷಣ ಗಂಗೂಬಾಯಿಯವರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ತಂಬೂರಿ ಹಿಡಿದು ಕುಳಿತ, ಮೂಗುತಿಯ, ಅಗಲ ಕುಂಕುಮದ ಆ ಅಜ್ಜಿಯ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಅವರು ಅಜ್ಜಿಯಾಗುವ ಮೊದಲು ಹನ್ನೊಂದು ವರ್ಷದ ಹುಡುಗಿಯಾಗಿದ್ದರು, ಹತ್ತೊಂಬತ್ತು ವರ್ಷದ ತಬ್ಬಲಿಯಾಗಿದ್ದರು, ತಟ್ಟೆಯ ಮೇಲೆ ‘ಗಾಂಧಾರಿ ಹಾನಗಲ್’ ಎಂದು ಹೆಸರು ಅಚ್ಚಾದ ಹೊಸ ಗಾಯಕಿಯಾಗಿದ್ದರು. ಆಗ ಅವರ ಬೆನ್ನಿಗೆ ಆಸ್ಥಾನ ಇರಲಿಲ್ಲ, ಮಠ ಇರಲಿಲ್ಲ, ನಾಟಕ ಕಂಪನಿಯೂ ಇರಲಿಲ್ಲ. ಇದ್ದವಳು ಒಬ್ಬ ತಾಯಿ. ಇದು ಆ ದಿನಗಳ ಕಥೆ.

<b>ಬೀದಿಯಲ್ಲಿ ಹಾಡುವ ಪೆಟ್ಟಿಗೆ</b>

ತಂದೆ ಚಿಕ್ಕೂರಾವ್ ನಾಡಿಗೇರ ಕೃಷಿಕರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಜ್ಜಿ ಕಮಲಾಬಾಯಿಯೂ ಹಾಡುವವರೇ. ಹೀಗೆ ಹೆಣ್ಣಿನಿಂದ ಹೆಣ್ಣಿಗೆ ಹಾಡು ಇಳಿದುಬಂದ ಮನೆತನ ಅದು. ಇಂಥ ಮನೆಗಳ ಹಾಡು ಸಮಾಜಕ್ಕೆ ಬೇಕಿತ್ತು, ಹಾಡುವವರು ಮಾತ್ರ ಬೇಕಿರಲಿಲ್ಲ. ಹುಡುಗಿ ಬೀದಿಯಲ್ಲಿ ನಡೆದು ಹೊರಟರೆ ‘ಗಾನೇವಾಲಿ ಬಂದಳು ನೋಡು’ ಎಂದು ಹಂಗಿಸುವವರಿದ್ದರು. ಪಕ್ಕದ ಹಿತ್ತಲಿನ ಗೋಡೆ ಹಾರಿ ಮಾವಿನಕಾಯಿ ಕಿತ್ತ ಪ್ರಸಂಗವನ್ನು ಗಂಗೂಬಾಯಿ ಮುಪ್ಪಿನಲ್ಲಿಯೂ ಹೇಳಿಕೊಳ್ಳುತ್ತಿದ್ದರು. ಮಾವಿನಕಾಯಿ ಹೋದದ್ದಕ್ಕೆ ಆ ಮನೆಯವರಿಗೆ ಸಿಟ್ಟು ಬರಲಿಲ್ಲವಂತೆ. ಹಾಡುವವಳ ಮಗಳು ಹಿತ್ತಿಲಿಗೆ ಕಾಲಿಟ್ಟಳಲ್ಲ ಎಂದು ಸಿಟ್ಟು ಬಂತಂತೆ. ಮುಂದೆ ಹೆಸರು ಬಂದ ಮೇಲೆ ಅಂಥವರೇ ಕರೆದು ಸತ್ಕಾರ ಮಾಡಿದರು. ಗಂಗೂಬಾಯಿ ಇದನ್ನು ನಗುತ್ತಲೇ ಹೇಳುತ್ತಿದ್ದರು. ಕೇಳಿದವರಿಗೆ ಮಾತ್ರ ನಗು ಬರುತ್ತಿರಲಿಲ್ಲ.

ಶಾಲೆ ಐದನೆಯ ಇಯತ್ತೆಗೇ ಮುಗಿಯಿತು. ಆದರೆ ಇನ್ನೊಂದು ಶಾಲೆ ಬೀದಿಯಲ್ಲಿಯೇ ಇತ್ತು. ಎಲ್ಲಿಯಾದರೂ ಗ್ರಾಮಫೋನ್ ಹಾಡತೊಡಗಿತೆಂದರೆ ಹುಡುಗಿ ಕೆಲಸ ಬಿಟ್ಟು ಓಡುತ್ತಿದ್ದಳು. ಕಿವಿಗೊಟ್ಟು ನಿಂತು ಕೇಳುತ್ತಿದ್ದಳು, ಕೇಳಿದ್ದನ್ನು ಗುನುಗುತ್ತ ಮನೆಗೆ ಬರುತ್ತಿದ್ದಳು. ಹಾಗೆ ಅವಳನ್ನು ಹಿಡಿದು ನಿಲ್ಲಿಸಿದ ದನಿಗಳಲ್ಲಿ ಆಗ್ರಾದ ಜೋಹ್ರಾಬಾಯಿಯವರ ದನಿ ಮುಖ್ಯವಾದದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜೋಹ್ರಾಬಾಯಿ ಹುಟ್ಟಿದ್ದು 1868ರಲ್ಲಿ, ತೀರಿಕೊಂಡದ್ದು 1913ರಲ್ಲಿ. ಅಂದರೆ ಗಂಗೂಬಾಯಿ ಹುಟ್ಟಿದ ವರ್ಷವೇ. ಇವರು ಅವರನ್ನು ನೋಡುವ ಮಾತೇ ಇಲ್ಲ. ಅದಕ್ಕಿಂತ ಒಂದು ತಲೆಮಾರು ಹಿಂದೆ ಇದು ಆಗದ ಮಾತಾಗಿತ್ತು. ಹಾಡುವವರು ಸತ್ತರೆ ದನಿಯೂ ಸತ್ತಂತೆಯೇ. ಅವರ ಶಿಷ್ಯರ ಕಂಠದಲ್ಲಿ ಎಷ್ಟು ಉಳಿಯಿತೋ ಅಷ್ಟೇ. ಗ್ರಾಮಫೋನ್ ಬಂದು ಈ ನಿಯಮವನ್ನು ಮುರಿಯಿತು. ತೀರಿಹೋದ ಆಗ್ರಾದ ಗಾಯಕಿ ಧಾರವಾಡದ ಒಂದು ಪೇಟೆಯ ಹುಡುಗಿಗೆ, ಶುಲ್ಕ ಕೇಳದೆ, ಜಾತಿ ಕೇಳದೆ, ಪಾಠ ಹೇಳಿದರು.

ಆ ತಟ್ಟೆ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ಈಗಿನ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಜೋಹ್ರಾಬಾಯಿಯವರ ಕಾಲದಲ್ಲಿ ಮೈಕ್ ಇರಲಿಲ್ಲ, ವಿದ್ಯುತ್ತಿನ ಹಂಗೇ ಇರಲಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು. ಕೊಳವೆಯ ತುದಿಯ ತೆಳು ಪೊರೆ ಆ ದನಿಗೆ ನಡುಗುತ್ತದೆ, ಪೊರೆಗೆ ಜೋಡಿಸಿದ ಸೂಜಿ ತಿರುಗುವ ಮೇಣದ ಬಿಲ್ಲೆಯ ಮೇಲೆ ಆ ನಡುಕವನ್ನೇ ಗೆರೆಯಾಗಿ ಕೊರೆಯುತ್ತದೆ. ಅದರಿಂದ ಅಚ್ಚು ತೆಗೆದು, ಅರಗಿನಿಂದ ಮಾಡಿದ ತಟ್ಟೆಗಳನ್ನು ಒತ್ತುತ್ತಾರೆ. ಮನೆಯಲ್ಲಿ ಇದೇ ಕ್ರಿಯೆ ತಲೆಕೆಳಗಾಗಿ ನಡೆಯುತ್ತದೆ. ಗೆರೆ ಸೂಜಿಯನ್ನು ನಡುಗಿಸುತ್ತದೆ, ಸೂಜಿ ಪೊರೆಯನ್ನು, ಪೊರೆ ಗಾಳಿಯನ್ನು. ಮೆಲುದನಿಗಳು ಆ ಮೇಣಕ್ಕೆ ಇಳಿಯುತ್ತಲೇ ಇರಲಿಲ್ಲ. ಆದ್ದರಿಂದ ತುಂಬುಕಂಠದವರಿಗೇ ಅಲ್ಲಿ ಬೆಲೆ. ಜೋಹ್ರಾಬಾಯಿಯವರದು ಗಂಡುದನಿಯಂಥ ಗಟ್ಟಿ ಕಂಠ. ಹೆಣ್ಣು ಹೀಗೂ ಹಾಡಬಹುದು ಎಂಬುದು ಆ ಹುಡುಗಿಯ ಕಿವಿಗೆ ಚಿಕ್ಕಂದಿನಲ್ಲೇ ಬಿತ್ತು. ಮುಂದೆ ನಡೆದದ್ದನ್ನು ನೋಡಿದರೆ ಇದೊಂದು ಮುನ್ಸೂಚನೆಯಂತೆ ತೋರುತ್ತದೆ.

<b>ಉಣ್ಣು, ಹಾಡು</b>

ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ, ಧಾರವಾಡಗಳಲ್ಲಿ ಬಂದು ಬೀಡುಬಿಡುತ್ತಿದ್ದವು. ಉತ್ತರದ ಉಸ್ತಾದರು ಮೈಸೂರು ಅರಮನೆಗೆ ಹೋಗಿಬರುವ ದಾರಿಯೂ ಇದೇ. ತುಂಗಭದ್ರೆಯ ಉತ್ತರಕ್ಕೆ ಹಿಂದುಸ್ತಾನಿ ಸಂಗೀತ ನೆಲೆಯೂರಲು ಇದು ಮುಖ್ಯ ಕಾರಣ. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನ್ ಹಾಗೆ ಬಂದವರು. ಅವರು ಅಂಬಾಬಾಯಿಯವರ ಮನೆಗೂ ಬರುತ್ತಿದ್ದರು. ಆಕೆಯ ಕರ್ನಾಟಕ ಸಂಗೀತವನ್ನು ಕೇಳಿ, ತಂಜಾವೂರಿನಲ್ಲಿ ಕೂತಂತಾಗುತ್ತದೆ ಎನ್ನುತ್ತಿದ್ದರಂತೆ. ಒಮ್ಮೆ ಆ ಪುಟ್ಟ ಹುಡುಗಿಯ ಹಾಡನ್ನೂ ಕೇಳಿದರು. ಗಂಟಲು ಚೆನ್ನಾಗಿದೆ, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂದು ಹರಸಿದರು. ಆ ಕಾಲದ ಸಂಗೀತಗಾರರ ಬಾಯಲ್ಲಿ ಇದು ಬರಿಯ ಸೌಜನ್ಯದ ಮಾತಲ್ಲ. ಗಂಟೆಗಟ್ಟಲೆ ಹಾಡಲು ಮೈಯಲ್ಲಿ ಕಸುವು ಬೇಕು, ಕಸುವಿಗೆ ರೊಟ್ಟಿ ಬೇಕು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ಅದು. ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂ ಕೂಡ ಇದ್ದಳು. ಅಂಥ ಸಭೆಯಲ್ಲಿ ಹಾಡುವಾಗ ಅವಳ ಮನಸ್ಸಿನಲ್ಲಿ ಏನಿತ್ತು? ಶ್ರುತಿ ತಪ್ಪೀತೆಂಬ ಅಂಜಿಕೆ ಅಲ್ಲ, ಗಾಂಧೀಜಿಯವರನ್ನು ಕಂಡ ಸಂಭ್ರಮವೂ ಅಲ್ಲ. ಊಟವಾದ ಮೇಲೆ ತಮ್ಮನ್ನು ಬೇರೆ ಕೂಡ್ರಿಸಿ, ಉಂಡ ಜಾಗವನ್ನು ತಾವೇ ಬಳಿಯುವಂತೆ ಹೇಳಿಯಾರೇ ಎಂಬ ಆತಂಕ! ಬಹಳ ವರ್ಷಗಳ ನಂತರ ಅವರೇ ಇದನ್ನು ಹೇಳಿಕೊಂಡರು. ಹನ್ನೊಂದು ವರ್ಷದ ಮಗುವಿನ ತಲೆಯಲ್ಲಿ ಹಾಡಿಗಿಂತ ಮೊದಲು ಎಂಜಲೆಲೆಯ ಚಿಂತೆ ಇತ್ತು. ಈ ಒಂದು ಸಂಗತಿಯಿಂದಲೇ ಆ ಕಾಲ ಎಂಥದೆಂದು ತಿಳಿದೀತು.

<b>ತಾಯಿಯ ಮೌನ</b>

1928ರಲ್ಲಿ ಮನೆತನ ಧಾರವಾಡದಿಂದ ಹುಬ್ಬಳ್ಳಿಗೆ ಬಂತು. ಕಾರಣ ಒಂದೇ, ಮಗಳಿಗೆ ಹಿಂದುಸ್ತಾನಿ ಸಂಗೀತದ ಶಿಕ್ಷಣ ಕೊಡಿಸಬೇಕು. ಮಕ್ಕಳ ಓದಿಗಾಗಿ ಊರು ಬಿಟ್ಟು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುವ ತಂದೆತಾಯಿಗಳು ಇಂದು ಎಷ್ಟೋ ಮಂದಿ ಇದ್ದಾರೆ. ಹೆಣ್ಣುಮಗಳ ಹಾಡಿಗಾಗಿ 1928ರಲ್ಲಿ ಹಾಗೆ ಮಾಡಿದವರು ಅಪರೂಪ.

ಅಂಬಾಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಅವರದು ಕರ್ನಾಟಕ ಪದ್ಧತಿ, ಮಗಳದು ಹಿಂದುಸ್ತಾನಿ. ಸ್ವರಗಳು ಏಳೇ ಆದರೂ ಅವುಗಳ ನಡಿಗೆ ಬೇರೆ. ಕರ್ನಾಟಕ ಸಂಗೀತದಲ್ಲಿ ಸ್ವರ ಗಮಕದಲ್ಲಿ ತೂಗುತ್ತದೆ, ಪಕ್ಕದ ಸ್ವರವನ್ನು ಮುಟ್ಟಿ ಮರಳುತ್ತದೆ. ಕಿರಾನಾ ಪದ್ಧತಿಯಲ್ಲಿ ಸ್ವರದ ಮೇಲೆ ದೀರ್ಘವಾಗಿ, ಅಲುಗದೆ ನಿಲ್ಲಬೇಕು. ಮನೆಯಲ್ಲಿ ದಿನವೂ ತಾಯಿಯ ಹಾಡು ಕಿವಿಗೆ ಬೀಳುತ್ತಿದ್ದರೆ ಮಗಳ ಗಂಟಲು ಅತ್ತ ಜಾರುತ್ತದೆ. ಇದನ್ನು ಅರಿತ ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಅಬ್ದುಲ್ ಕರೀಂ ಖಾನರು ಮೆಚ್ಚಿದ ಕಂಠ ಅದು. ಮಗಳ ಕಿವಿಗಾಗಿ ಆ ಕಂಠ ಸುಮ್ಮನಾಯಿತು.

ಇದು ಸರಿಯೋ ತಪ್ಪೋ ಎಂದು ವಾದ ಮಾಡಬಹುದು. ಎರಡೂ ಪದ್ಧತಿಗಳನ್ನು ಕಲಿತು ಬೆಳೆದವರೂ ಇದ್ದಾರೆ. ಇದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಮೈಸೂರು ಸೀಮೆಯಲ್ಲಿ ಕರ್ನಾಟಕ ಸಂಗೀತ ಕಲಿತು, ಆಮೇಲೆ ಹಿಂದುಸ್ತಾನಿಯನ್ನೂ ಸಾಧಿಸಿದರು. ಆದರೆ ಅವರನ್ನು ಕೈಹಿಡಿದು ನಡೆಸಲು ಹಾನಗಲ್ಲ ಕುಮಾರ ಸ್ವಾಮಿಗಳು ಇದ್ದರು, ಬೆನ್ನಿಗೆ ಶಿವಯೋಗಮಂದಿರ ಇತ್ತು. ಅಂಬಾಬಾಯಿಯ ಮಗಳಿಗೆ ಅಂಥ ಆಸರೆ ಇರಲಿಲ್ಲ. ಒಂದೇ ದಾರಿ, ಅದರಲ್ಲೇ ಗಟ್ಟಿಯಾಗಬೇಕು. ಹಾಗೆ ನೋಡಿದರೆ ತಾಯಿಯ ಲೆಕ್ಕ ತಪ್ಪಿರಲಿಲ್ಲ.

ಮೊದಲ ಗುರು ಕೃಷ್ಣಾಚಾರ್ಯ ಹುಲಗೂರ. ಶಿಗ್ಗಾಂವಿ ತಾಲೂಕಿನ ಓದುಗರಿಗೆ ಹುಲಗೂರಿನ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿನ ಖಾದರ್ ಶಾ ದರ್ಗಾ ಹೆಸರಾದದ್ದು, ಶಿಶುನಾಳ ಶರೀಫರ ಕಥೆಯಲ್ಲಿಯೂ ಅದು ಬರುತ್ತದೆ. ಗಂಗೂಬಾಯಿಯವರ ಹೆಸರಿನಲ್ಲಿ ಹಾನಗಲ್ಲ ಇದ್ದರೆ ಅವರ ಮೊದಲ ಗುರುವಿನ ಹೆಸರಿನಲ್ಲಿ ಶಿಗ್ಗಾಂವಿ ತಾಲೂಕಿನ ಹುಲಗೂರು ಇತ್ತು. ಕೃಷ್ಣಾಚಾರ್ಯರು ಕಿನ್ನರಿ ನುಡಿಸುವವರು. ಕಿನ್ನರಿ ಎಂದರೆ ವೀಣೆಯ ಜಾತಿಯ, ಈಗ ಕಾಣಲೂ ಸಿಗದಂಥ ಹಳೆಯ ತಂತಿವಾದ್ಯ. ಅವರಿಂದ ಒಂದು ವರ್ಷದಲ್ಲಿ ಅರವತ್ತು ಚೀಜುಗಳ ಪಾಠವಾಯಿತು. ವರ್ಷಕ್ಕೆ ಅರವತ್ತು ಎಂದರೆ ಆರು ದಿನಕ್ಕೊಂದು! ಆಮೇಲೆ ಶುಲ್ಕದ ವಿಷಯದಲ್ಲಿ ಮಾತು ಬೆಳೆದು ಪಾಠ ನಿಂತುಹೋಯಿತು. ಕೆಲಕಾಲ ದತ್ತೋಪಂತ ದೇಸಾಯಿಯವರ ಬಳಿ ಅಭ್ಯಾಸ ನಡೆಯಿತು. ಕಲೆಯ ಕಥೆ ಹೇಳುವಾಗ ಹಣದ ಮಾತನ್ನು ಬಿಟ್ಟುಬಿಡುವುದು ವಾಡಿಕೆ. ಆದರೆ ಶುಲ್ಕ ಕೊಟ್ಟು ಕಲಿಸುವ ಮನೆಗಳಿಗೆ ಅದು ಚೆನ್ನಾಗಿಯೇ ಗೊತ್ತಿರುತ್ತದೆ.

1929ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯ ವಕೀಲ ಗುರುರಾವ್ ಕೌಲಗಿಯವರೊಡನೆ ವಿವಾಹ. ಅವರು ಸಂಗೀತಪ್ರಿಯರು. ಹೆಂಡತಿಯ ಹಾಡಿಗೆ ಅಡ್ಡಿ ಬಂದವರಲ್ಲ. ಆದರೆ ಅವರು ಕೈಹಾಕಿದ ವ್ಯವಹಾರಗಳು ಕೈಗೂಡಲಿಲ್ಲ, ಸಂಸಾರದ ಭಾರ ಬರಬರುತ್ತ ತಂಬೂರಿಯ ಮೇಲೆಯೇ ಬಿತ್ತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು. ತಾಯಿ ಯಾವುದಕ್ಕಾಗಿ ಮೌನ ಹಿಡಿದಿದ್ದರೋ ಆ ಸಂಗೀತ ಹಣ್ಣಾಗುವುದನ್ನು ಅವರು ಕೇಳಲೇ ಇಲ್ಲ.

<b>234 ಸುತ್ತು</b>

ತಾಯಿ ತೀರಿಕೊಂಡ ಆ ವರ್ಷಗಳಲ್ಲಿಯೇ ಗ್ರಾಮಫೋನ್ ಕಂಪನಿಯಿಂದ ಕರೆ ಬಂತು. ಚಿಕ್ಕಂದಿನಲ್ಲಿ ಬೀದಿಯಲ್ಲಿ ನಿಂತು ಕೇಳುತ್ತಿದ್ದ ಪೆಟ್ಟಿಗೆಯೊಳಗೆ ಈಗ ತಾನೇ ಹೋಗಿ ಕೂಡುವ ಸರದಿ. ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಎಚ್‌ಎಂವಿ ತಟ್ಟೆಗಳು ಹೊರಬಂದವು. ಅಷ್ಟರಲ್ಲಿ ಕೊಳವೆಯ ಕಾಲ ಮುಗಿದಿತ್ತು. 1925ರಿಂದ ಮೈಕ್ ಬಂದು, ಕೂಗಿ ಹಾಡುವ ಕಷ್ಟ ತಪ್ಪಿತ್ತು. ಆದರೆ ಇನ್ನೊಂದು ಕಷ್ಟ ಹಾಗೆಯೇ ಉಳಿದಿತ್ತು. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಒಂದು ಬದಿಗೆ ಸುಮಾರು ಮೂರು ನಿಮಿಷ. ಗುಣಿಸಿದರೆ 234 ಸುತ್ತು. ಅಷ್ಟರೊಳಗೆ ಎಲ್ಲವೂ ಮುಗಿಯಬೇಕು!

ಒಂದು ರಾಗವನ್ನು ಮುಕ್ಕಾಲು ಗಂಟೆ ಬಿಡಿಸುವವರು ಮೂರು ನಿಮಿಷದಲ್ಲಿ ಏನು ಹಾಡಬೇಕು? ಕಂಪನಿಯವರ ದೃಷ್ಟಿಯಲ್ಲಿ ಉತ್ತರ ಸುಲಭ. ಭಾವಗೀತೆ ಹಾಡಿ, ಭಜನೆ ಹಾಡಿ, ಚಿಕ್ಕ ಚೀಜು ಹಾಡಿ, ಅದು ಮಾರಾಟವಾಗುತ್ತದೆ. ಅವರು ಹಾಡಿದರು. ಜಿ.ಎನ್. ಜೋಶಿಯವರೊಡನೆ ಮರಾಠಿ ಯುಗಳಗೀತೆಗಳೂ ಬಂದವು. ತಟ್ಟೆಗಳಿಂದ ಹೆಸರು ಹರಡಿತು, ಮುಂಬಯಿಯ ಬಾಗಿಲು ತೆರೆಯಿತು, ಆಕಾಶವಾಣಿಯಲ್ಲಿ ಹಾಡುವ ಅವಕಾಶಗಳೂ ಬಂದವು. ಇಪ್ಪತ್ತು ದಾಟಿದ ಗಾಯಕಿಗೆ, ಅದೂ ಮನೆ ನಡೆಸಬೇಕಾದವರಿಗೆ, ಇಷ್ಟು ಸಾಕು ಎನಿಸಬಹುದಿತ್ತು. ಎಷ್ಟೋ ಜನಕ್ಕೆ ಸಾಕೆನಿಸಿದೆ ಕೂಡ.

ಗಂಗೂಬಾಯಿಯವರ ಬದುಕಿನ ತಿರುವು ಇಲ್ಲಿದೆ. ಹೆಸರು ಬಂದ ಮೇಲೆ ಅವರು ಮತ್ತೆ ವಿದ್ಯಾರ್ಥಿನಿಯಾದರು. ಕ್ರಮೇಣ ಲಘು ಗಾಯನವನ್ನು ಬಿಟ್ಟುಕೊಟ್ಟು ಖಯಾಲನ್ನೇ ಹಿಡಿದರು. ಮುಂದಿನ ವರ್ಷಗಳಲ್ಲಿ ಯಾರಾದರೂ ಭಜನೆ, ಠುಮ್ರಿ ಕೇಳಿದರೆ, ತಾವು ರಾಗ ಮಾತ್ರ ಹಾಡುವುದೆಂದು ಹೇಳಿಬಿಡುತ್ತಿದ್ದರು.

<b>ಕುಂದಗೋಳದ ಗಾಡಿ</b>

ಗುರು ಸವಾಯಿ ಗಂಧರ್ವ. ನಿಜನಾಮ ರಾಮಚಂದ್ರ ಗಣೇಶ ಕುಂದಗೋಳಕರ, ಜನರ ಬಾಯಲ್ಲಿ ರಾಮಭಾವು. 1886ರಲ್ಲಿ ಹುಟ್ಟಿದ ಇವರು ಅಬ್ದುಲ್ ಕರೀಂ ಖಾನರ ಪಟ್ಟಶಿಷ್ಯರು. ಮರಾಠಿ ರಂಗಭೂಮಿಯ ಮೇಲೆ ಹಾಡಿ ‘ಸವಾಯಿ ಗಂಧರ್ವ’ ಎನಿಸಿಕೊಂಡವರು. ನಾಟಕದ ತಿರುಗಾಟದಿಂದಾಗಿ ಮೊದಲು ಪಾಠ ಬಿಟ್ಟು ಬಿಟ್ಟು ನಡೆಯುತ್ತಿತ್ತು. ಮೂವತ್ತರ ದಶಕದ ಕೊನೆಯ ಭಾಗದಲ್ಲಿ ಅವರು ಊರಲ್ಲಿ ನೆಲೆನಿಂತ ಮೇಲೆ ಸುಮಾರು ಮೂರು ವರ್ಷ ಸತತ ತಾಲೀಮು ಸಿಕ್ಕಿತು.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ರೈಲುದಾರಿಯಲ್ಲಿ ಕುಂದಗೋಳ ಬರುತ್ತದೆ. ಅದೇ ದಾರಿ ಮುಂದೆ ಯಲವಿಗಿ, ಸವಣೂರು ನಿಲ್ದಾಣಗಳನ್ನು ದಾಟಿ ಹಾವೇರಿಗೆ ಸಾಗುತ್ತದೆ. ಮನೆಯ ಕೆಲಸ ಮುಗಿಸಿ, ಮಕ್ಕಳ ವ್ಯವಸ್ಥೆ ಮಾಡಿ, ಗಂಗೂಬಾಯಿ ಆ ಗಾಡಿ ಹತ್ತುತ್ತಿದ್ದರು. ಪಾಠ ಮುಗಿಯುವುದರೊಳಗೆ ಕತ್ತಲಾಗುತ್ತಿತ್ತು. ಆಗ ಅವರನ್ನು ನಿಲ್ದಾಣದವರೆಗೆ ಮುಟ್ಟಿಸಿ ಬರುವ ಕೆಲಸ ಗುರುಗಳ ಮನೆಯಲ್ಲಿದ್ದ ಒಬ್ಬ ಹುಡುಗನದು. ಗದಗಿನಲ್ಲಿ ಬೆಳೆದ ಆ ಹುಡುಗನೂ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಅಂಗಡಿಯ ಮುಂದೆ ಕೇಳಿ, ಹುಚ್ಚು ಹಿಡಿದು, ಗುರುವನ್ನು ಹುಡುಕುತ್ತ ಮನೆಬಿಟ್ಟು ಓಡಿದ್ದವನು. ಉತ್ತರವನ್ನೆಲ್ಲ ಸುತ್ತಿ ಕೊನೆಗೆ ಮನೆಯ ಹತ್ತಿರದ ಕುಂದಗೋಳಕ್ಕೇ ಬಂದು ಸೇರಿದ್ದ. ಹೆಸರು ಭೀಮಸೇನ ಜೋಶಿ. ಒಬ್ಬರಿಗೆ ಧಾರವಾಡದ ಬೀದಿಯ ಗ್ರಾಮಫೋನ್, ಇನ್ನೊಬ್ಬರಿಗೆ ಗದಗಿನ ಅಂಗಡಿಯ ಗ್ರಾಮಫೋನ್. ಆ ಅರಗಿನ ತಟ್ಟೆಗಳು ಈ ಸೀಮೆಗೆ ಮಾಡಿದ ಉಪಕಾರವನ್ನು ಯಾರೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಪಾಠದ ರೀತಿ ಇಂದಿನ ಮಕ್ಕಳಿಗೆ ಶಿಕ್ಷೆಯಂತೆ ತೋರಬಹುದು. ಕೃಷ್ಣಾಚಾರ್ಯರ ಬಳಿ ವರ್ಷಕ್ಕೆ ಅರವತ್ತು ಚೀಜು ಕಲಿತವರಿಗೆ ಇಲ್ಲಿ ಬೆರಳೆಣಿಕೆಯ ರಾಗಗಳು. ಸ್ವರದ ಒಂದು ಚಿಕ್ಕ ತುಣುಕನ್ನು ಹಿಡಿದು, ಗುರುಗಳಿಗೆ ಒಪ್ಪಿಗೆಯಾಗುವ ತನಕ ಅದನ್ನೇ ಹೇಳುತ್ತಿರಬೇಕು. ಜಿಪುಣ ಹಣ ಎಣಿಸಿ ಕೊಡುವಂತೆ ಒಂದೊಂದೇ ಸ್ವರವನ್ನು ಬಿಡಬೇಕು, ರಾಗದ ಬಾಗಿಲನ್ನು ಒಮ್ಮೆಲೇ ತೆರೆಯಬಾರದು ಎಂಬುದು ಆ ಪದ್ಧತಿ. ಮೇಲುನೋಟಕ್ಕೆ ಇದು ಹಟವೆನಿಸೀತು. ಆದರೆ ಇದರ ಹಿಂದೆ ಶಬ್ದಶಾಸ್ತ್ರದ ಒಂದು ಸತ್ಯವಿದೆ.

ತಂಬೂರಿಯ ಖರ್ಜದ ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಕಂಪಿಸುವುದಲ್ಲದೆ, ಅದೇ ಹೊತ್ತಿಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ತಂತಿಯ ಷಡ್ಜ ಸೆಕೆಂಡಿಗೆ 120 ಕಂಪನ ಎಂದು ಇಟ್ಟುಕೊಳ್ಳಿ. ಐದು ಭಾಗವಾಗಿ ಕಂಪಿಸಿದಾಗ ಅದರ ಐದರಷ್ಟು, ಅಂದರೆ 600 ಕಂಪನದ ದನಿ ಹುಟ್ಟುತ್ತದೆ. ಈಗ ಶುದ್ಧ ಗಾಂಧಾರದ ಲೆಕ್ಕ ನೋಡಿ. ಷಡ್ಜಕ್ಕೂ ಅದಕ್ಕೂ 4ಕ್ಕೆ 5ರ ಪ್ರಮಾಣ. ಆದ್ದರಿಂದ 150. ಅದನ್ನು ಎರಡು ಸ್ಥಾಯಿ ಮೇಲಕ್ಕೆ ಏರಿಸಿದರೆ 300, ಮತ್ತೆ 600. ಎರಡೂ ಒಂದೇ! ಯಾರೂ ಗಾಂಧಾರವನ್ನು ಮೀಟದಿದ್ದರೂ ತಂಬೂರಿಯಿಂದ ಗಾಂಧಾರ ಕೇಳುವುದು ಹೀಗೆ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಕುದುರೆಯ ಮೇಲೆ ತಂತಿಯ ಕೆಳಗಿಡುವ ಜವಾರಿಯ ನೂಲು ಈ ಮೇಲಿನ ದನಿಗಳನ್ನು ಎತ್ತಿ ತೋರಿಸುತ್ತದೆ. ಹಾಡುವವರ ಸ್ವರ ಒಂದೆರಡು ಕಂಪನ ಆಚೀಚೆ ಆದರೂ ತಂಬೂರಿಯ ದನಿಗೂ ಅದಕ್ಕೂ ಜಗಳ ಹತ್ತುತ್ತದೆ. ಸರಿಯಾಗಿ ಸೇರಿದಾಗ ಎರಡೂ ಒಂದಾಗಿ ತುಂಬಿಕೊಳ್ಳುತ್ತವೆ. ಆ ಸೇರುವಿಕೆಯನ್ನು ಗುರುತಿಸುವ ಕಿವಿ ಪುಸ್ತಕದಿಂದ ಬರುವುದಿಲ್ಲ. ಒಂದೇ ತುಣುಕನ್ನು ನೂರು ಸಲ ಹೇಳಿಸಿದ್ದು ಅದಕ್ಕಾಗಿ. ಅಂದಹಾಗೆ, ಮೊದಲ ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿದ್ದುದು ಕಾಕತಾಳೀಯವೇ ಇರಬಹುದು. ಆದರೂ ಚೆಂದದ ಕಾಕತಾಳೀಯ.

ಈ ತಾಲೀಮಿನ ಬಲದ ಮೇಲೆ ಅವರು ಕಲ್ಕತ್ತೆಯ ಸಂಗೀತ ಸಮ್ಮೇಳನಕ್ಕೆ ಹೋದರು. ಸಣಕಲು ಮೈಯ, ಸಾದಾ ಸೀರೆಯ ಈ ಹೆಣ್ಣುಮಗಳನ್ನು ನೋಡಿ ಸಂಘಟಕರಿಗೆ ಅನುಮಾನ ಬಂತು. ದೊಡ್ಡ ದೊಡ್ಡ ಉಸ್ತಾದರು ಹಾಡುವ ವೇದಿಕೆ ಅದು. ಸಭೆಗೆ ಮೊದಲೇ ತಮ್ಮೆದುರು ಒಮ್ಮೆ ಹಾಡಿ ತೋರಿಸಬೇಕೆಂದರು. ಗಂಗೂಬಾಯಿ ಹಾಡಿ ತೋರಿಸಿದರು. ಮರುಮಾತಿಲ್ಲದೆ ವೇದಿಕೆ ಸಿಕ್ಕಿತು. ಪರೀಕ್ಷೆ ಮಾಡಿದರೆಂದು ಸಿಟ್ಟಾಗಿ ಹಿಂತಿರುಗಿ ಬಂದಿದ್ದರೆ ಏನಾಗುತ್ತಿತ್ತೋ! ಆದರೆ ಶುಕ್ರವಾರಪೇಟೆಯ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನಗಳನ್ನು ಅವರು ನುಂಗಿದ್ದರು.

<b>ಬದಲಾದ ದನಿ</b>

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಅವರ ದನಿ ಅಷ್ಟು ಗಡುಸಾದದ್ದು ಹೇಗೆ? ಕಣ್ಣು ಮುಚ್ಚಿ ಕೇಳಿದರೆ ಹಾಡುತ್ತಿರುವವರು ಗಂಡಸರೆಂದೇ ಅನಿಸುತ್ತದೆ. ಅವರು ಹಾಗೆ ಹುಟ್ಟಿದವರಲ್ಲ. ಚಿಕ್ಕಂದಿನಲ್ಲಿ ಅವರದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಟಾನ್ಸಿಲ್‌ಗೆ ಆದ ಚಿಕಿತ್ಸೆಯ ನಂತರ ಅದು ಬದಲಾಯಿತು ಎಂದು ಅವರೇ ಹೇಳುತ್ತಿದ್ದರು.

ದನಿ ಹುಟ್ಟುವುದು ಟಾನ್ಸಿಲ್‌ನಲ್ಲಲ್ಲ, ಅದರ ಕೆಳಗೆ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳಲ್ಲಿ. ತಂತು ಉದ್ದವೂ ದಪ್ಪವೂ ಆದಷ್ಟು ಕಂಪನ ನಿಧಾನ, ದನಿ ತಗ್ಗು. ಗಂಡಸರ ಮಾತಿನ ದನಿ ಸೆಕೆಂಡಿಗೆ ಸುಮಾರು 120 ಕಂಪನ, ಹೆಂಗಸರದು ಸುಮಾರು 200. ಟಾನ್ಸಿಲ್ ತೆಗೆದವರಿಗೆಲ್ಲ ದನಿ ಹೀಗೆ ಇಳಿಯುವುದಿಲ್ಲ ಎಂಬುದನ್ನು ಪಾಲಕರು ಗಮನಿಸಬೇಕು. ಮಕ್ಕಳಿಗೆ ಆ ಚಿಕಿತ್ಸೆ ಬೇಕಾದರೆ ಈ ಕಥೆ ಕೇಳಿ ಹೆದರಬೇಕಾಗಿಲ್ಲ.

ಯೋಚಿಸಬೇಕಾದ ಸಂಗತಿ ಬೇರೆ ಇದೆ. ಹಾಡನ್ನೇ ನಂಬಿ ಸಂಸಾರ ನಡೆಸುತ್ತಿರುವ ಯುವತಿಗೆ ಅವಳ ದನಿಯೇ ಬದಲಾಗಿಬಿಟ್ಟರೆ? ತಟ್ಟೆ ಕೊಂಡ ಜನ ಮೆಚ್ಚಿದ್ದು ಆ ತೆಳುದನಿಯನ್ನು. ಅದನ್ನು ಮರಳಿ ತರಲು ಹೋಗಿ ಗಂಟಲು ಕೆಡಿಸಿಕೊಳ್ಳಬಹುದಿತ್ತು. ಹಾಡುವುದನ್ನೇ ಬಿಡಬಹುದಿತ್ತು. ಗಂಗೂಬಾಯಿ ಬಂದ ದನಿಗೆ ತಕ್ಕಂತೆ ಶ್ರುತಿಯನ್ನು ಇಳಿಸಿಕೊಂಡರು. ಭಾವಗೀತೆಗೆ ಒಗ್ಗದ ಆ ದನಿ ಖಯಾಲಿನ ನಿಧಾನಕ್ಕೆ ಒಗ್ಗಿತು. ಬೀದಿಯಲ್ಲಿ ನಿಂತು ಕೇಳಿದ್ದ ಜೋಹ್ರಾಬಾಯಿಯವರ ಗಂಡುದನಿ ಆಗ ನೆನಪಾಗಿರಲಿಕ್ಕೂ ಸಾಕು.

ಆಮೇಲಿನದು ಎಲ್ಲರಿಗೂ ತಿಳಿದದ್ದೇ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ರಾಜ್ಯದ ಸಂಗೀತ ವಿಶ್ವವಿದ್ಯಾಲಯವಿದೆ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ದಶಕಗಳ ಕಾಲ ಅವರ ಕಛೇರಿಗಳಲ್ಲಿ ಹಿಂದೆ ಕುಳಿತು ದನಿಗೂಡಿಸಿದವರು ಮಗಳು ಕೃಷ್ಣಾ. ತಾಯಿಯ ದನಿ ತಗ್ಗಿನದು, ಮಗಳದು ಎತ್ತರದ್ದು, ಇನಿದಾದದ್ದು. ತಾಯಿ ನೆಲದ ಮೇಲೆ ನಡೆದರೆ ಮಗಳು ಮೇಲೆ ಹಾರಿ ಬರುತ್ತಿದ್ದಳು ಎಂದು ಕೇಳಿದವರು ಹೇಳುತ್ತಾರೆ. ಅಂಬಾಬಾಯಿ ಮಗಳಿಗಾಗಿ ಹಾಡು ನಿಲ್ಲಿಸಿದರು, ಗಂಗೂಬಾಯಿ ಮಗಳನ್ನು ಪಕ್ಕದಲ್ಲೇ ಕೂಡ್ರಿಸಿಕೊಂಡು ಹಾಡಿದರು. ಕೃಷ್ಣಾ 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು.

‘ಗಾಂಧಾರಿ ಹಾನಗಲ್’ ಹೆಸರಿನ ಆ ಹಳೆಯ ತಟ್ಟೆಗಳ ಹಾಡುಗಳು ಈಗ ಮೊಬೈಲಿನಲ್ಲಿಯೂ ಸಿಗುತ್ತವೆ. ರಜೆಯ ದಿನ ಒಂದು ಗಳಿಗೆ ಬಿಡುವು ಮಾಡಿಕೊಂಡು ಅದರಲ್ಲಿ ಒಂದನ್ನು ಕೇಳಿ, ಅದು ಮುಗಿದ ಕೂಡಲೇ ಅವರ ಕೊನೆಗಾಲದ ಒಂದು ಖಯಾಲನ್ನು ಹಚ್ಚಿ. ಮನೆಯ ಮಕ್ಕಳಿಗೆ ಮೊದಲೇ ಏನೂ ಹೇಳಬೇಡಿ. ಹಾಡಿದವರು ಒಬ್ಬರೋ ಇಬ್ಬರೋ ಎಂದು ಆಮೇಲೆ ಕೇಳಿ ನೋಡಿ.